ಮಾಸ್ಕೋದ ಮಾಯಕೋವ್‌ಸ್ಕಯಾ ಮತ್ತು ಭಾರತದ ಭೂಗತ ಮೆಟ್ರೊ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಪರೀಕ್ಷೆ ಬರೆಯಲು ಬೆಂಗಳೂರಿಗೆ ಬಸ್ಸಿನಲ್ಲಿ ಬಂದವರು ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ಟಿಲಿಳಿದು ಮೆಟ್ರೊ ಹಿಡಿಯುತ್ತಾರೆ. ನೆಲದಡಿಯ ಇಂಥ ನಿಲ್ದಾಣವನ್ನು ಕಲಾಕೃತಿಯ ಮಟ್ಟಕ್ಕೆ ಏರಿಸಿದ್ದು ಸೋವಿಯತ್ ಕಾಲದ ಮಾಸ್ಕೋ.

ಮಾಯಕೋವ್‌ಸ್ಕಯಾ ನಿಲ್ದಾಣ
• ಆರಂಭ: 1938ರ ಸೆಪ್ಟೆಂಬರ್ 11. (ಮಾಸ್ಕೋ ಮೆಟ್ರೊ ಆರಂಭ: 1935ರ ಮೇ 15)
• ಹೆಸರು: ಕವಿ ವ್ಲಾದಿಮಿರ್ ಮಾಯಕೋವ್‌ಸ್ಕಿ ನೆನಪಿಗೆ.
• ವಾಸ್ತುಶಿಲ್ಪಿ: ಅಲೆಕ್ಸಿ ದುಷ್ಕಿನ್.
• ಆಳ: ಸುಮಾರು 33 ಮೀಟರ್.
• ವೈಶಿಷ್ಟ್ಯ: ದಪ್ಪ ಗೋಡೆಗಳ ಬದಲು ಉಕ್ಕಿನ ತೆಳು ಕಂಬಗಳು ಮೇಲಿನ ಮಣ್ಣಿನ ಭಾರ ಹೊರುತ್ತವೆ. ಹೀಗಾಗಿ ಒಳಾಂಗಣ ವಿಶಾಲ, ಬೆಳಕುಮಯ.
• ಚಾವಣಿ: ಅಲೆಕ್ಸಾಂದರ್ ದೈನೆಕಾ ವಿನ್ಯಾಸದ 34 ಮೊಸಾಯಿಕ್ ಚಿತ್ರಗಳು. ವಸ್ತು: ಸೋವಿಯತ್ ನಾಡಿನ ಆಕಾಶದ ಒಂದು ದಿನ.
• ಇತಿಹಾಸ: ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಯಿಂದ ರಕ್ಷಣೆ ನೀಡಿದ ತಾಣ. 1941ರ ನವೆಂಬರ್ 6ರಂದು ಸ್ಟಾಲಿನ್ ಇಲ್ಲಿ ಭಾಷಣ ಮಾಡಿದರು.

ಭಾರತದ ನಂಟು
• ದೇಶದ ಮೊದಲ ಮೆಟ್ರೊ: ಕೋಲ್ಕತ್ತ, 1984ರ ಅಕ್ಟೋಬರ್ 24. ಯೋಜನೆ ರೂಪಿಸುವಲ್ಲಿ ಸೋವಿಯತ್ ತಜ್ಞರು ನೆರವಾದರು.
• ದಕ್ಷಿಣ ಭಾರತದ ಮೊದಲ ಭೂಗತ ಮೆಟ್ರೊ ಮಾರ್ಗ: ಬೆಂಗಳೂರು, 2016ರ ಏಪ್ರಿಲ್ 29ರಂದು ಉದ್ಘಾಟನೆ. ಉದ್ದ 4.8 ಕಿ.ಮೀ.
• ಮೆಜೆಸ್ಟಿಕ್: ನಾಡಪ್ರಭು ಕೆಂಪೇಗೌಡ ನಿಲ್ದಾಣ, ನೇರಳೆ ಮತ್ತು ಹಸಿರು ಮಾರ್ಗಗಳ ಸಂಗಮ.

ನೆನಪಿಡಿ: ಇಸವಿ, ವಾಸ್ತುಶಿಲ್ಪಿ, ನಿಲ್ದಾಣಗಳನ್ನು ಹೊಂದಿಸಿ ಬರೆಯುವ ಪ್ರಶ್ನೆಗೆ 1935, 1938, 1984, 2016 ಈ ನಾಲ್ಕನ್ನೂ ಕ್ರಮವಾಗಿ ಮನನ ಮಾಡಿಕೊಳ್ಳಿ.