ಗಣಿತದ ಗೈಡ್: ಯಾವಾಗ ತೆರೆಯಬೇಕು, ಯಾವಾಗ ಮುಚ್ಚಿಡಬೇಕು

ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಕ್ಕಳ ಬ್ಯಾಗಿನಲ್ಲಿ ಎನ್‌ಸಿಇಆರ್‌ಟಿ ಗಣಿತ ಪುಸ್ತಕದ ಎರಡು ಭಾಗಗಳ ಜೊತೆ ತೆಳುವಾದ ಇನ್ನೊಂದು ಪುಸ್ತಕ ಇದ್ದೇ ಇರುತ್ತದೆ. ಅದರ ಹೆಸರು ಗೈಡ್, ಸ್ಕೋರಿಂಗ್ ಪ್ಯಾಕೇಜ್, ಫಾರ್ಮುಲಾ ಬುಕ್, ಏನಾದರೂ ಆಗಿರಬಹುದು. ಹದಿಮೂರು ಅಧ್ಯಾಯಗಳ ಸಾರವನ್ನು ಕೆಲವೇ ಪುಟಗಳಿಗೆ ಇಳಿಸಿರುತ್ತಾರೆ. ಇದನ್ನೇ ಓದಿಕೊಂಡರೆ ಸಾಲದೇ ಎಂದು ಮಕ್ಕಳೂ ಕೇಳುತ್ತಾರೆ, ತಂದೆತಾಯಿಯೂ ಕೇಳುತ್ತಾರೆ. ಲೆಕ್ಕ ಮಾಡಿ ಮುಗಿಸಿದವರಿಗೆ ಅದರಿಂದ ನಿಜವಾದ ಉಪಯೋಗವಿದೆ. ಲೆಕ್ಕ ಮಾಡುವ ಬದಲು ಅದನ್ನು ಓದುವವರಿಗೆ ಗೊತ್ತಿದೆ ಎಂಬ ಭ್ರಮೆ ಮಾತ್ರ ಸಿಗುತ್ತದೆ. ಯಾಕೆಂದು ಮೂರು ಲೆಕ್ಕಗಳಲ್ಲೇ ನೋಡಬಹುದು.

ಇಂಟಿಗ್ರೇಷನ್ ಅಧ್ಯಾಯದ ಈ ಮೂರನ್ನು ಒಂದರ ಕೆಳಗೊಂದು ಬರೆದುಕೊಳ್ಳಿ:

1/(ಎಕ್ಸ್² + 4ಎಕ್ಸ್ + 13)
1/(ಎಕ್ಸ್² + 4ಎಕ್ಸ್ + 4)
1/(ಎಕ್ಸ್² + 4ಎಕ್ಸ್ + 3)

ಕೊನೆಯ ಸಂಖ್ಯೆ ಬಿಟ್ಟರೆ ಮೂರೂ ಒಂದೇ. ಆದರೆ ಛೇದವನ್ನು ಪೂರ್ಣವರ್ಗ ಮಾಡಿದರೆ ಮೊದಲನೆಯದು (ಎಕ್ಸ್ + 2)² + 9 ಆಗುತ್ತದೆ, ಉತ್ತರದಲ್ಲಿ ಟ್ಯಾನ್ ಇನ್ವರ್ಸ್ ಬರುತ್ತದೆ. ಎರಡನೆಯದು ಬರೀ (ಎಕ್ಸ್ + 2)². ಘಾತದ ಸಾಮಾನ್ಯ ಸೂತ್ರ ಸಾಕು, ಉತ್ತರ −1/(ಎಕ್ಸ್ + 2) + ಸಿ. ಮೂರನೆಯದು (ಎಕ್ಸ್ + 2)² − 1, ಅಲ್ಲಿ ಲಾಗ್ ಬರುತ್ತದೆ. ಗೈಡಿನಲ್ಲಿ ಈ ಮೂರೂ ಸೂತ್ರಗಳು ಅಚ್ಚುಕಟ್ಟಾಗಿ ಇರುತ್ತವೆ. ನಿಮ್ಮ ಮುಂದಿರುವ ಲೆಕ್ಕಕ್ಕೆ ಯಾವುದು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಸೂತ್ರ ಬಾಯಿಪಾಠ ಇರುತ್ತದೆ, ಮೊದಲ ಸಾಲು ಬರೆಯಲು ಕೈ ಏಳುವುದಿಲ್ಲ.

ಕೊಳ್ಳುವ ಮುನ್ನ

ಅಂಗಡಿಯಲ್ಲೇ ಇನ್ವರ್ಸ್ ಟ್ರಿಗನಾಮೆಟ್ರಿ ಪುಟ ತೆರೆಯಿರಿ. ಸೈನ್ ಇನ್ವರ್ಸ್ ಆಫ್ ಸೈನ್ ಎಕ್ಸ್ ಅಂದರೆ ಎಕ್ಸ್ ಎಂದಷ್ಟೇ ಬರೆದು ಬಿಟ್ಟಿದ್ದರೆ ಆ ಪುಸ್ತಕವನ್ನು ವಾಪಸ್ ಇಡಿ. ಎಕ್ಸ್ −90ರಿಂದ 90 ಡಿಗ್ರಿಯ ಒಳಗಿದ್ದಾಗ ಮಾತ್ರ ಅದು ನಿಜ. 120 ಡಿಗ್ರಿ ಕೊಟ್ಟರೆ ಉತ್ತರ 120 ಅಲ್ಲ, 60. ಪುಟ ಉಳಿಸಲು ಹೋಗಿ ಷರತ್ತನ್ನೇ ಕತ್ತರಿಸುವ ಗೈಡು ಮಕ್ಕಳಿಗೆ ತಪ್ಪನ್ನೇ ಕಲಿಸುತ್ತದೆ.

ಮುದ್ರಣದ ವರ್ಷವನ್ನೂ ನೋಡಿ. ಎನ್‌ಸಿಇಆರ್‌ಟಿ ಪಠ್ಯವನ್ನು ಹಗುರ ಮಾಡಿದಾಗ ಬೈನರಿ ಆಪರೇಷನ್ಸ್‌ನಂಥ ಭಾಗಗಳನ್ನು ಕೈಬಿಡಲಾಗಿದೆ. ಅಕ್ಕ ಅಣ್ಣಂದಿರಿಂದ ಬಂದ ಹಳೆಯ ಗೈಡಿನಲ್ಲಿ ಅವು ಹಾಗೇ ಇರುತ್ತವೆ. ಈ ವರ್ಷದ ಪಠ್ಯಪುಸ್ತಕದ ಪರಿವಿಡಿ ಪಕ್ಕದಲ್ಲಿಟ್ಟು, ಇಲ್ಲದ ಭಾಗಗಳಿಗೆ ಪೆನ್ಸಿಲಿನಲ್ಲಿ ಗೀಟು ಎಳೆದುಬಿಡಿ.

ಅಧ್ಯಾಯ ಶುರುವಾದಾಗ ಮುಚ್ಚಿಡಿ

ಹೊಸ ಅಧ್ಯಾಯಕ್ಕೆ ಪಠ್ಯಪುಸ್ತಕದ ಉದಾಹರಣೆಗಳಿಗಿಂತ ಒಳ್ಳೆಯ ದಾರಿಯಿಲ್ಲ. ಮೊದಲ ಎರಡು ಮೂರು ಉದಾಹರಣೆಗಳನ್ನು ಸಾಲು ಸಾಲಾಗಿ ಓದಿ, ಪ್ರತಿ ಸಾಲಿಗೂ ‘ಇದು ಎಲ್ಲಿಂದ ಬಂತು?’ ಎಂದು ಕೇಳಿಕೊಳ್ಳಿ. ನಂತರದವುಗಳ ಉತ್ತರದ ಮೇಲೆ ಹಾಳೆ ಮುಚ್ಚಿ ನೀವೇ ಮಾಡಿ. ಸಿಕ್ಕಿಕೊಂಡರೆ ಹಾಳೆಯನ್ನು ಒಂದು ಸಾಲು ಮಾತ್ರ ಕೆಳಗೆ ಸರಿಸಿ. ನಿಧಾನ ಅನ್ನಿಸುತ್ತದೆ, ಅನ್ನಿಸಲಿ. ಈ ಹಂತದಲ್ಲಿ ಗೈಡು ತೆರೆದರೆ ಸೂತ್ರ ಸಿಗುತ್ತದೆ, ಅದು ಹುಟ್ಟಿದ ಬಗೆ ಸಿಗುವುದಿಲ್ಲ.

ಲೆಕ್ಕಗಳನ್ನು ಬೆರೆಸಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಪಠ್ಯಪುಸ್ತಕದ ಅಭ್ಯಾಸಗಳು ವಿಧಾನದ ಪ್ರಕಾರ ಜೋಡಿಸಿಕೊಂಡಿವೆ. 7.5 ತೆರೆದರೆ ಪಾರ್ಷಿಯಲ್ ಫ್ರ್ಯಾಕ್ಷನ್ಸ್, 7.6 ತೆರೆದರೆ ಬೈ ಪಾರ್ಟ್ಸ್. ಅಭ್ಯಾಸದ ಸಂಖ್ಯೆಯೇ ವಿಧಾನ ಹೇಳಿಕೊಡುವುದರಿಂದ ಆರಿಸುವ ಕೆಲಸ ಉಳಿಯುವುದೇ ಇಲ್ಲ. ಪರೀಕ್ಷೆಯ ಪ್ರಶ್ನೆಗೆ ಅಂಥ ತಲೆಬರಹ ಇರುವುದಿಲ್ಲ.

ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಬಗೆಬಗೆಯಾಗಿ ವಿಂಗಡಿಸಿ ಮಾಡಿತು, ಇನ್ನೊಂದು ಗುಂಪು ಬೆರೆಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ವಿಂಗಡಿಸಿ ಮಾಡಿದವರದು ಶೇ 89 ಸರಿ, ಬೆರೆಸಿದವರದು ಶೇ 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ವಿಂಗಡಿಸಿದವರು ಶೇ 20ಕ್ಕೆ ಕುಸಿದರು, ಬೆರೆಸಿದವರು ಶೇ 63ರಲ್ಲಿ ನಿಂತರು. ಮನೆಯಲ್ಲಿ ಎಲ್ಲವೂ ಬರುತ್ತಿತ್ತು, ಪರೀಕ್ಷೆಯಲ್ಲಿ ಯಾಕೋ ಬರಲಿಲ್ಲ ಎಂದು ಅಳುವ ಮಕ್ಕಳ ಬಗ್ಗೆ ಯೋಚಿಸುವಾಗ ನನಗೆ ಈ ಅಂಕಿಗಳು ನೆನಪಾಗುತ್ತವೆ. ಅವರು ಸೋಮಾರಿಗಳಲ್ಲ, ಅಭ್ಯಾಸದ ಕ್ರಮ ಅವರಿಗೆ ಕೈಕೊಟ್ಟಿರುತ್ತದೆ.

ಮಾಡುವುದು ಸುಲಭ. ಅಧ್ಯಾಯಗಳ ಕೊನೆಯಲ್ಲಿರುವ ಮಿಸಲೇನಿಯಸ್ ಎಕ್ಸರ್‌ಸೈಜ್ ಬಿಡಬೇಡಿ, ಅದು ಬೆರೆತ ಲೆಕ್ಕಗಳ ಜಾಗ. ಮುಗಿದ ಅಧ್ಯಾಯಗಳಿಂದ ಒಂದೊಂದು ಲೆಕ್ಕವನ್ನು ಚೀಟಿಯಲ್ಲಿ ಬರೆದು, ಅಭ್ಯಾಸದ ಸಂಖ್ಯೆ ಹಾಕದೆ, ಡಬ್ಬಿಯಲ್ಲಿ ಹಾಕಿಡಿ. ದಿನಕ್ಕೆ ನಾಲ್ಕು ಚೀಟಿ ಎತ್ತಿ. ಸಮಯವಿಲ್ಲದ ದಿನ ಪೂರ್ತಿ ಬಿಡಿಸದಿದ್ದರೂ ಯಾವ ವಿಧಾನ, ಮೊದಲ ಸಾಲು ಯಾವುದು ಎಂಬುದನ್ನಾದರೂ ಬರೆಯಿರಿ.

ಸಾರಾಂಶ ನೀವೇ ಬರೆಯಿರಿ

ಅಧ್ಯಾಯ ಮುಗಿದು ಎರಡು ಮೂರು ದಿನ ಬಿಟ್ಟು ಖಾಲಿ ಹಾಳೆ ತೆಗೆದುಕೊಳ್ಳಿ. ಯಾವ ಪುಸ್ತಕವನ್ನೂ ನೋಡದೆ ನೆನಪಿಗೆ ಬಂದ ಸೂತ್ರಗಳನ್ನೆಲ್ಲ ಬರೆಯಿರಿ. ಗೈಡು ತೆರೆಯುವುದು ಈಗ. ಬಿಟ್ಟುಹೋದದ್ದನ್ನು, ತಪ್ಪಾದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ. ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರ 2013ರ ವಿಮರ್ಶೆಯಲ್ಲಿ ಗೆರೆ ಹಾಕುವುದು, ಮತ್ತೆ ಮತ್ತೆ ಓದುವುದು, ಸಾರಾಂಶ ಬರೆಯುವುದು ಕೆಳಗಿನ ಸಾಲಿನಲ್ಲಿವೆ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಅಂತರ ಕೊಟ್ಟು ಅಭ್ಯಾಸ ಮಾಡುವುದು ಮೇಲಿವೆ. ನೋಡದೆ ಬರೆದ ಹಾಳೆ ನಿಮಗೆ ನೀವೇ ಕೊಟ್ಟುಕೊಂಡ ಪರೀಕ್ಷೆ. ಗೈಡಿನಿಂದ ನಕಲು ಮಾಡಿದ ಹಾಳೆ ಎಷ್ಟು ಅಂದವಾಗಿದ್ದರೂ ಬರೀ ನಕಲೇ.

ಪ್ರತಿ ಸೂತ್ರದ ಪಕ್ಕ ಎರಡು ವಿಷಯ ಸೇರಿಸಿ: ಅದು ಅನ್ವಯವಾಗುವ ಷರತ್ತು, ನೀವು ಎಡವಿದ ಒಂದು ಲೆಕ್ಕ. ಉದಾಹರಣೆಗೆ, ಮೂರನೇ ಆರ್ಡರ್‌ನ ಮ್ಯಾಟ್ರಿಕ್ಸ್ ‘ಎ’ಯನ್ನು ಮೂರರಿಂದ ಗುಣಿಸಿದರೆ ಡಿಟರ್ಮಿನೆಂಟ್ ಮೂರು ಪಟ್ಟಲ್ಲ, 27 ಪಟ್ಟು ಆಗುತ್ತದೆ. ಇಲ್ಲಿ ತಪ್ಪಿದವರು ತಮ್ಮ ಹಾಳೆಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಲಿ, ತಪ್ಪದವರಿಗೆ ಅದು ಬೇಡ. ಅಚ್ಚಾದ ಗೈಡು ಎಲ್ಲರಿಗೂ ಒಂದೇ. ಅದಕ್ಕೆ ನಿಮ್ಮ ತಪ್ಪುಗಳು ಗೊತ್ತಿಲ್ಲ.

ಗೈಡು ಸಾಕಾಗುವ ಕಡೆ

ಪ್ರಶ್ನೆಯೇ ದಾರಿ ತೋರಿಸುವ ಲೆಕ್ಕಗಳಿಗೆ ಗೈಡು ಧಾರಾಳವಾಗಿ ಸಾಕು. ‘ಮ್ಯಾಟ್ರಿಕ್ಸ್ ವಿಧಾನದಿಂದ ಬಿಡಿಸಿ’, ‘ಗ್ರಾಫ್ ಮೂಲಕ ಗರಿಷ್ಠ ಬೆಲೆ ಕಂಡುಹಿಡಿಯಿರಿ’ ಎಂದಾಗ ಆರಿಸಬೇಕಾದ್ದು ಏನೂ ಇಲ್ಲ, ಹೆಜ್ಜೆಗಳು ಕೈಗೆ ಹತ್ತಿದ್ದರಾಯಿತು. ಗಣಿತದಲ್ಲಿ ಪಾಸಾಗುವುದೇ ಕಷ್ಟ ಎನ್ನುವವರು, ಪರೀಕ್ಷೆ-1ರಲ್ಲಿ ಎಡವಿ ಕೆಲವೇ ವಾರಗಳಲ್ಲಿ ಪರೀಕ್ಷೆ-2ಕ್ಕೆ ಕೂರುವವರು ಪಾಸಿಂಗ್ ಪ್ಯಾಕೇಜ್ ಹಿಡಿದರೆ ತಪ್ಪಿಲ್ಲ, ನಾಚಿಕೆಯೂ ಬೇಡ. ಓದುವುದಕ್ಕೆ ಮಾತ್ರ ಬಳಸದೆ ಅದರಲ್ಲಿರುವ ಪ್ರತಿ ಲೆಕ್ಕವನ್ನೂ ಮುಚ್ಚಿಟ್ಟು ಬರೆದು ನೋಡಿ. ಸ್ಟೆಪ್ ಮಾರ್ಕ್ಸ್ ಬರುವುದು ಕೈಯಲ್ಲಿ ಬರೆದ ಸಾಲುಗಳಿಗೆ.

ಸಿಇಟಿ ಬರೆಯುವವರ ಮಾತು ಬೇರೆ. ಗಣಿತದಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ವಿಧಾನ ಹುಡುಕುವುದಕ್ಕೇ ಒಂದು ನಿಮಿಷ ಹೋದರೆ ಬಿಡಿಸಲು ಹೊತ್ತು ಉಳಿಯದು. ಅಂಥವರು ಪಿಯುಸಿ ಪರೀಕ್ಷೆ ಮುಗಿದ ಮೇಲೂ ಚೀಟಿಯ ಡಬ್ಬಿ ಬಿಡಬಾರದು. ಹಳೆಯ ಸಿಇಟಿ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಮಾಡಿ, ತಪ್ಪಿದ ಪ್ರಶ್ನೆಗಳನ್ನು ಎರಡು ಗುಂಪು ಮಾಡಿ: ಸೂತ್ರ ಮರೆತವು, ಸೂತ್ರ ಗೊತ್ತಿದ್ದೂ ಹೊಳೆಯದವು. ಮೊದಲ ಗುಂಪಿಗೆ ಗೈಡು ತೆರೆಯಿರಿ. ಎರಡನೆಯ ಗುಂಪನ್ನು ಹೊಸ ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ.