ಏಕಫಲಕ ಗಣಕಯಂತ್ರ: ದಾಖಲೆಯ ಭದ್ರತೆ ಮತ್ತು ಸಂಪರ್ಕ ವ್ಯವಸ್ಥೆ

ತೂಕದ ಯಂತ್ರದ ಅಂಕಿಗಳನ್ನು ದಾಖಲಿಸುವುದು, ಕುಲುಮೆಯ ಉಷ್ಣತೆಯನ್ನು ಗಮನಿಸುವುದು, ವಿದ್ಯುತ್ ಬಳಕೆಯ ಲೆಕ್ಕವಿಡುವುದು ಮುಂತಾದ ಕಾರ್ಯಗಳಿಗೆ ಸಿಂಗಲ್ ಬೋರ್ಡ್ ಕಂಪ್ಯೂಟರ್ ಎಂದು ಕರೆಯಲ್ಪಡುವ ಅಂಗೈಯಗಲದ ಏಕಫಲಕ ಗಣಕಯಂತ್ರಗಳು ಸಣ್ಣ ಉದ್ದಿಮೆಗಳಿಗೂ ಎಟಕುವ ಬೆಲೆಯಲ್ಲಿ ದೊರೆಯುತ್ತಿವೆ. ಆದರೆ ಖರೀದಿಯ ವೇಳೆ ಪ್ರೊಸೆಸರಿನ ವೇಗವನ್ನಷ್ಟೇ ವಿಚಾರಿಸುವುದು ವಾಡಿಕೆ. ಕಾರ್ಖಾನೆಯಲ್ಲಿ ಇಂತಹ ಸಾಧನದ ಯಶಸ್ಸನ್ನು ನಿರ್ಧರಿಸುವ ಅಂಶಗಳು ಬೇರೆ ಎರಡಿವೆ. ಮೊದಲನೆಯದು, ದಾಖಲೆಯು ಎಲ್ಲಿ, ಹೇಗೆ ಉಳಿಯುತ್ತದೆ ಎಂಬುದು. ಎರಡನೆಯದು, ಸಾಧನವು ಇತರ ಯಂತ್ರಗಳೊಡನೆ ಹೇಗೆ ಸಂಪರ್ಕ ಹೊಂದುತ್ತದೆ ಎಂಬುದು. 2013ರಲ್ಲಿ ಮಾರುಕಟ್ಟೆಗೆ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಫಲಕವನ್ನು ಉದಾಹರಣೆಯಾಗಿಟ್ಟುಕೊಂಡು ಇವೆರಡನ್ನೂ ಪರಿಶೀಲಿಸಬಹುದು.

ಸಂಗ್ರಹಣೆ

ಈ ಫಲಕದಲ್ಲಿ ಎರಡು ಬಗೆಯ ಶಾಶ್ವತ ಸ್ಮೃತಿಗೆ ಅವಕಾಶವಿದೆ. ಒಂದು, ಫಲಕಕ್ಕೇ ಬೆಸುಗೆ ಹಾಕಿದ ಇಎಂಎಂಸಿ. ಮೊದಲ ಆವೃತ್ತಿಗಳಲ್ಲಿ ಇದು 2 ಗಿಗಾಬೈಟ್ ಇದ್ದು, 2014ರ ಪರಿಷ್ಕೃತ ಆವೃತ್ತಿಯಲ್ಲಿ 4 ಗಿಗಾಬೈಟಿಗೆ ಏರಿತು. ಇನ್ನೊಂದು, ಹೊರಗಿನಿಂದ ಸೇರಿಸುವ ಮೈಕ್ರೋ ಎಸ್‌ಡಿ ಕಾರ್ಡ್. ಕಾರ್ಡನ್ನು ಸುಲಭವಾಗಿ ಬದಲಾಯಿಸಬಹುದು. ಆದರೆ ಯಂತ್ರದ ಕಂಪನಕ್ಕೆ ಅದರ ಸಂಪರ್ಕ ಸಡಿಲಗೊಳ್ಳುವ ಸಂಭವವಿದೆ. ಇಎಂಎಂಸಿಗೆ ಆ ತೊಂದರೆಯಿಲ್ಲ. ಆದರೆ ಅದು ಕೆಟ್ಟರೆ ಬದಲಾಯಿಸುವುದು ಸುಲಭವಲ್ಲ.

ಎರಡರಲ್ಲಿಯೂ ಇರುವುದು ಫ್ಲ್ಯಾಶ್ ಸ್ಮೃತಿಯೇ. ಇದರ ಕೋಶಗಳನ್ನು ಅಳಿಸಿ ಬರೆಯಲು ನಿಗದಿತ ಮಿತಿಯಿದೆ. ಉದಾಹರಣೆಗೆ, ಪ್ರತಿ ಸೆಕೆಂಡಿಗೆ 50 ಬೈಟಿನ ಒಂದು ದಾಖಲೆಯನ್ನು ಬರೆದರೆ ದಿನಕ್ಕೆ 86,400 ದಾಖಲೆಗಳಾಗುತ್ತವೆ. ನಿಜವಾದ ಮಾಹಿತಿ ಸುಮಾರು 4.3 ಮೆಗಾಬೈಟ್ ಮಾತ್ರ. ಆದರೆ ಪ್ರತಿ ಬಾರಿಯೂ ಕನಿಷ್ಠ 4,096 ಬೈಟಿನ ಒಂದು ಖಂಡವನ್ನು ಬರೆಯಬೇಕಾದರೆ ಒಟ್ಟು ಬರವಣಿಗೆ ಸುಮಾರು 354 ಮೆಗಾಬೈಟಿಗೆ ಏರುತ್ತದೆ. ಒಂದು ನಿಮಿಷದ ದಾಖಲೆಗಳನ್ನು ಒಟ್ಟುಗೂಡಿಸಿ ಒಮ್ಮೆಲೇ ಬರೆದರೆ ಇದು ಸುಮಾರು 6 ಮೆಗಾಬೈಟಿಗೆ ಇಳಿಯುತ್ತದೆ.

ಈ ಉಳಿತಾಯಕ್ಕೂ ಒಂದು ಬೆಲೆಯಿದೆ. ವಿದ್ಯುತ್ ಕಡಿತವಾದಾಗ ಕೊನೆಯ ಒಂದು ನಿಮಿಷದ ದಾಖಲೆ ನಷ್ಟವಾಗಬಹುದು. ಉಷ್ಣತೆಯ ದಾಖಲೆಗೆ ಇದು ಸಹ್ಯ. ಮಾಲಿನ ತೂಕದ ದಾಖಲೆಗೆ ಸಹ್ಯವಲ್ಲ, ಏಕೆಂದರೆ ಅಲ್ಲಿ ಒಂದೊಂದು ದಾಖಲೆಯೂ ಒಂದು ಬಿಲ್ಲು. ತೂಕವನ್ನು ಕೂಡಲೇ ಬರೆಯಿಸಿ, ಉಳಿದವನ್ನು ಗುಂಪುಗೂಡಿಸಿ ಬರೆಯುವಂತೆ ತಂತ್ರಾಂಶವನ್ನು ರೂಪಿಸಿಕೊಳ್ಳುವುದು ಸೂಕ್ತ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತವೇ ಹಾಳಾಗಬಹುದಾದ ಕಾರಣ, ಫಲಕವು ಕ್ರಮಬದ್ಧವಾಗಿ ಮುಚ್ಚಿಕೊಳ್ಳುವವರೆಗಾದರೂ ಸಾಲುವ ಬ್ಯಾಟರಿ ಬೆಂಬಲ ಅವಶ್ಯ. ಈ ಫಲಕದ ಗಡಿಯಾರಕ್ಕೆ ಪ್ರತ್ಯೇಕ ಬ್ಯಾಟರಿಯಿಲ್ಲವೆಂಬುದೂ ಗಮನಾರ್ಹ. ಗಡಿಯಾರದ ಚಿಪ್ಪನ್ನು ಸೇರಿಸದಿದ್ದರೆ, ಜಾಲಸಂಪರ್ಕವಿಲ್ಲದ ಕಡೆ ದಾಖಲೆಯ ದಿನಾಂಕವೇ ತಪ್ಪಾಗುತ್ತದೆ.

ಸಂಪರ್ಕ

ಐ-ಸ್ಕ್ವೇರ್ಡ್-ಸಿ ಮತ್ತು ಎಸ್‌ಪಿಐ ಎಂಬ ಮಾರ್ಗಗಳು ಒಂದೇ ಪೆಟ್ಟಿಗೆಯೊಳಗಿನ ಚಿಪ್ಪುಗಳ ನಡುವಿನ ಸಂಭಾಷಣೆಗೆ ಮೀಸಲು. ಅವುಗಳ ತಂತಿಯನ್ನು ಕಾರ್ಖಾನೆಯ ಉದ್ದಕ್ಕೂ ಎಳೆಯುವಂತಿಲ್ಲ. ಹೊರಗಿನ ಯಂತ್ರಗಳಿಗೆ ಸರಣಿ ಸಂಪರ್ಕ, ಅಂದರೆ ಸೀರಿಯಲ್ ಪೋರ್ಟ್, ಇಂದಿಗೂ ಬಳಕೆಯಲ್ಲಿದೆ. ಫಲಕದ ಸೀರಿಯಲ್ ಪಿನ್ನುಗಳು 3.3 ವೋಲ್ಟಿನವು. ತೂಕದ ಯಂತ್ರದ ಆರ್‌ಎಸ್-232 ತಂತಿಯಲ್ಲಿ ಧನ ಮತ್ತು ಋಣ 3ರಿಂದ 15 ವೋಲ್ಟಿನವರೆಗಿನ ಸಂಕೇತಗಳಿರುತ್ತವೆ. ನಡುವೆ ಪರಿವರ್ತಕವಿಲ್ಲದೆ ಇವೆರಡನ್ನು ನೇರವಾಗಿ ಜೋಡಿಸಿದರೆ ಫಲಕವು ಸುಟ್ಟುಹೋಗಬಹುದು. ಅನಲಾಗ್ ಪಿನ್ನುಗಳ ಮಿತಿ ಇನ್ನೂ ಕಡಿಮೆ, 1.8 ವೋಲ್ಟ್ ಮಾತ್ರ.

ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ದ್ವಾರದ ಬಳಿಯ ತೂಕದ ಯಂತ್ರ ಫಲಕದ ಪಕ್ಕದಲ್ಲಿಯೇ ಇದೆ. ಮೂರು ವಿದ್ಯುತ್ ಮೀಟರುಗಳು 200 ಮೀಟರ್ ದೂರದಲ್ಲಿವೆ. ತೂಕದ ಯಂತ್ರಕ್ಕೆ ಆರ್‌ಎಸ್-232 ಸಾಕು. ವಾಡಿಕೆಯಂತೆ ಅದು ಸುಮಾರು 15 ಮೀಟರಿನೊಳಗಿನ ಸಂಪರ್ಕಕ್ಕೆ ಯೋಗ್ಯ. ಮೀಟರುಗಳಿಗೆ ಅದು ಸಾಲದು. ಈಥರ್‌ನೆಟ್ ತಾಮ್ರದ ಕೇಬಲಿಗೂ 100 ಮೀಟರಿನ ಮಿತಿಯಿದೆ. ಇಲ್ಲಿ ಆರ್‌ಎಸ್-485 ಉಪಯುಕ್ತ: ಕಡಿಮೆ ವೇಗದಲ್ಲಿ ಸುಮಾರು 1,200 ಮೀಟರಿನವರೆಗೆ, ಒಂದೇ ಜೋಡಿ ತಂತಿಯಲ್ಲಿ 32 ಸಾಧನಗಳವರೆಗೆ ಅದು ನಿಭಾಯಿಸಬಲ್ಲದು. ತಂತಿಯ ಎರಡೂ ತುದಿಗಳಲ್ಲಿ 120 ಓಮ್ ರೋಧಕಗಳನ್ನು ಹಾಕುವುದು ರೂಢಿ. ಮೀಟರುಗಳು 1979ರಲ್ಲಿ ಮಾಡಿಕಾನ್ ಸಂಸ್ಥೆ ಪ್ರಕಟಿಸಿದ ಮಾಡ್‌ಬಸ್ ನಿಯಮಾವಳಿಯನ್ನು ಅನುಸರಿಸುವಂಥವಾದರೆ ಬೇರೆ ಬೇರೆ ತಯಾರಕರ ಮೀಟರುಗಳನ್ನೂ ಒಂದೇ ತಂತಿಗೆ ಸೇರಿಸಬಹುದು. ಕಚೇರಿಯ ಗಣಕಕ್ಕೆ ಫಲಕದ ಈಥರ್‌ನೆಟ್ ಕಿಂಡಿ ಇದ್ದೇ ಇದೆ.

ಖರೀದಿಗೆ ಮುನ್ನ

ಪೂರೈಕೆದಾರರನ್ನು ಕೇಳಬೇಕಾದ ಪ್ರಶ್ನೆಗಳು ಇವು: ದಾಖಲೆ ಎಷ್ಟು ಸಮಯಕ್ಕೊಮ್ಮೆ ಬರೆಯಲ್ಪಡುತ್ತದೆ? ಅದರ ಪ್ರತಿ ಬೇರೆಡೆ ಉಳಿಯುತ್ತದೆಯೇ? ಬ್ಯಾಟರಿ ಬೆಂಬಲ ಮತ್ತು ಗಡಿಯಾರ ಇವೆಯೇ? ಸಂಕೇತ ಪರಿವರ್ತಕಗಳು ಬೆಲೆಯಲ್ಲಿ ಸೇರಿವೆಯೇ? ಫಲಕ ಕೆಟ್ಟರೆ ಬದಲಿ ಫಲಕದಲ್ಲಿ ಅದೇ ತಂತ್ರಾಂಶವನ್ನು ಎಷ್ಟು ಹೊತ್ತಿನಲ್ಲಿ ನಡೆಸಬಹುದು?

ಕೊನೆಯದಾಗಿ, ಹಣ ಪಾವತಿಗೆ ಮುನ್ನ ಒಂದು ಪರೀಕ್ಷೆ ಅಗತ್ಯ. ಸಾಧನವು ಕೆಲಸ ಮಾಡುತ್ತಿರುವಾಗಲೇ ಅದರ ವಿದ್ಯುತ್ತನ್ನು ಹಲವು ಬಾರಿ ತಟ್ಟನೆ ಕಡಿತಗೊಳಿಸಿ, ಪ್ರತಿ ಬಾರಿಯೂ ಅದು ತಾನಾಗಿ ಚಾಲನೆಗೊಳ್ಳುತ್ತದೆಯೇ, ಹಿಂದಿನ ದಾಖಲೆಗಳೆಲ್ಲ ಉಳಿದಿವೆಯೇ ಎಂದು ಪೂರೈಕೆದಾರರ ಎದುರಿನಲ್ಲಿಯೇ ತಾಳೆ ನೋಡಬೇಕು. ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗದ ಸಾಧನ ಎಷ್ಟೇ ಅಗ್ಗವಾಗಿದ್ದರೂ ಉದ್ದಿಮೆಗೆ ದುಬಾರಿಯೇ.