ಊಟದ ಪಟ್ಟಿಯಲ್ಲಿ ‘ಇವತ್ತು ಇಲ್ಲ’: ಕಡಲೂರಿನ ಮೀನೂಟದ ಹೋಟೆಲನ್ನು ತರಗತಿಗೆ ತರುವ ಒಂದು ಅಭ್ಯಾಸ ಪಾಠ

ತರಗತಿ: 7
ವಿಷಯ: ಕನ್ನಡ (ಸಮಾಜ ವಿಜ್ಞಾನ, ಗಣಿತಗಳೊಡನೆ ಸಮನ್ವಯ)
ಅವಧಿ: 40 ನಿಮಿಷ
ಸ್ಥಳ: ಮಲ್ಲಿಪಟ್ಟಣ ಹೋಬಳಿಯ ಶಾಲೆಗಳು

ಪಾಠದ ಹಿನ್ನೆಲೆ

ಅರಕಲಗೂಡು ತಾಲ್ಲೂಕಿನ ತರಗತಿಯಲ್ಲಿ ಕಡಲನ್ನೇ ಕಾಣದ ಮಕ್ಕಳಿರಬಹುದು. ಆದರೆ ಮೀನು ಅವರಿಗೆ ಹೊಸದಲ್ಲ. ಕೆರೆಮೀನು ಗೊತ್ತು, ಹೇಮಾವತಿ ಗೊತ್ತು. ಇದೇ ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಬಳಿ ಜನ ಮೀನಿಗೆ ಪುರಿ ಹಾಕುತ್ತಾರೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ಪಾಠ ಅಲ್ಲಿಂದ ಹೊರಟು ಮಂಗಳೂರಿನ ಊಟದ ಮೇಜಿಗೆ ತಲುಪಬೇಕು. ಪಟ್ಟಿಯಲ್ಲಿ ಇರುವುದನ್ನು ಮಕ್ಕಳು ತಾವೇ ಓದಿಕೊಳ್ಳುತ್ತಾರೆ. ‘ಇವತ್ತು ಇಲ್ಲ’ ಎಂಬ ಮಾತಿನ ಹಿಂದಿನ ಕಾರಣವನ್ನು ಓದಲು ಕಲಿಸುವುದೇ ಇಲ್ಲಿನ ಗುರಿ.

ಕಲಿಕೋಪಕರಣ

ಶಿಕ್ಷಕರು ಬರೆದ ಊಟದ ಪಟ್ಟಿ: ಬಂಗುಡೆ ಪುಳಿಮುಂಚಿ, ಅಂಜಲ್ ತವಾ ಫ್ರೈ, ಕಾಣೆ ರವಾ ಫ್ರೈ, ಸಿಗಡಿ ಸುಕ್ಕ, ಬೂತಾಯಿ ಗಸಿ, ಕುಚ್ಚಲಕ್ಕಿ ಅನ್ನ, ನೀರುದೋಸೆ. ಮಾಂಜಿಯ ಮುಂದೆ ಬೆಲೆಯ ಬದಲು ‘ಗಾತ್ರಕ್ಕೆ ತಕ್ಕಂತೆ’ ಎಂದಿರಲಿ. ಜೊತೆಗೆ ಭಾರತದ ಭೂಪಟ.

ಬೋಧನಾ ಹಂತಗಳು

1. ಪೀಠಿಕೆ (5 ನಿಮಿಷ): “ರಾಮನಾಥಪುರದಲ್ಲಿ ಮೀನು ಯಾಕೆ ಹಿಡಿಯುವುದಿಲ್ಲ?” ದೇವರ ಮೀನು ಎಂಬ ಉತ್ತರ ಬಂದರೆ ಹಾಗೆಯೇ ಕಪ್ಪುಹಲಗೆಯ ಎಡಕ್ಕೆ ಬರೆಯಿರಿ. ವಿವರಣೆ ಈಗ ಬೇಡ.

2. ಪಾತ್ರಾಭಿನಯ (10 ನಿಮಿಷ): ಅರಕಲಗೂಡಿನ ಕುಟುಂಬವೊಂದು ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಮಂಗಳೂರಿಗೆ ಹೋಗಿದೆ. ತಿಂಗಳು ಜುಲೈ.
“ಅಣ್ಣ, ಏನೇನೈತೆ?”
“ಬಂಗುಡೆ ಉಂಟು, ಸ್ವಲ್ಪವೇ ಉಂಟು. ಅಂಜಲ್ ಇವತ್ತು ಇಲ್ಲ.”
‘ಐತೆ’, ‘ಉಂಟು’, ‘ಇದೆ’ ಮೂರನ್ನೂ ಹಲಗೆಯ ಮೇಲೆ ಬರೆಯಿರಿ. ಯಾವುದು ಸರಿ ಎಂದು ಕೇಳಬೇಡಿ. ಯಾವ ಊರಿನದು ಎಂದು ಕೇಳಿ.

3. ಕಾರಣ ಹುಡುಕುವುದು (15 ನಿಮಿಷ): ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು, ಕಡಲೂ ಪ್ರಕ್ಷುಬ್ಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ. ಗುಂಪುಗಳು ಎರಡೂ ಕಡೆಯ ದಿನಗಳನ್ನು ಎಣಿಸಲಿ (61, 61). ಎರಡೂ ಕರಾವಳಿ ಒಟ್ಟಿಗೆ ಮುಚ್ಚಿರುವ ದಿನಗಳನ್ನು ಕಂಡುಹಿಡಿಯಲಿ (14). “ಹಾಗಾದರೆ ಜುಲೈನಲ್ಲಿ ಮಂಗಳೂರಿನ ತಟ್ಟೆಗೆ ಮೀನು ಎಲ್ಲಿಂದ ಬರಬಹುದು?” ಮಕ್ಕಳು ಭೂಪಟದಲ್ಲಿ ಬೆರಳಿಟ್ಟು ತೋರಿಸಲಿ. ‘ಮಳೆಗಾಲದಲ್ಲಿ ಮೀನೇ ಸಿಗುವುದಿಲ್ಲ’ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ನಾಡದೋಣಿಗಳಿಗೆ ವಿನಾಯಿತಿ ಇದೆ, ಪೂರ್ವ ಕರಾವಳಿಯಿಂದ ಮೀನು ಬರುತ್ತದೆ, ಮಂಜುಗಡ್ಡೆಯಲ್ಲಿಟ್ಟ ದಾಸ್ತಾನೂ ಇರುತ್ತದೆ. ಆವಕ ಕಡಿಮೆ, ಆದ್ದರಿಂದ ಬೆಲೆ ಹೆಚ್ಚು.

4. ಜೋಡಣೆ (5 ನಿಮಿಷ): ಈಗ ಹಲಗೆಯ ಎಡಭಾಗಕ್ಕೆ ಮರಳಿ. ರಾಮನಾಥಪುರದಲ್ಲಿ ನಂಬಿಕೆ ಮೀನಿಗೊಂದು ಜಾಗ ಬಿಟ್ಟಿದೆ; ಕಡಲಿನಲ್ಲಿ ಕಾನೂನು ಅದಕ್ಕೊಂದು ಕಾಲ ಬಿಟ್ಟಿದೆ. ಈ ಮಾತು ಶಿಕ್ಷಕರ ಬಾಯಿಂದ ಬರುವ ಮೊದಲು ಒಂದು ಮಗುವಿನಿಂದಾದರೂ ಬರಲು ಬಿಡಿ.

5. ಮೌಲ್ಯಮಾಪನ (5 ನಿಮಿಷ): ‘ಅಂಜಲ್ ಇವತ್ತು ಇಲ್ಲ’ ಎಂಬುದಕ್ಕೆ ಕಾರಣ ಕೊಡುವ ಮೂರು ವಾಕ್ಯಗಳನ್ನು ಮಾಣಿಯ ಮಾತಿನಲ್ಲಿ ಬರೆಯಿರಿ.

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದದ್ದು

ಈ ಪಾಠ ಕೆಡುವುದು ಒಂದೇ ಪ್ರಶ್ನೆಯಿಂದ: “ನಿಮ್ಮಲ್ಲಿ ಯಾರ್‍ಯಾರು ಮೀನು ತಿನ್ನುತ್ತೀರಿ?” ಕೈ ಎತ್ತಿದವರು, ಎತ್ತದವರು ಎಂದು ತರಗತಿ ಎರಡಾಗುತ್ತದೆ. ಮನೆಯ ಅಡುಗೆಯ ಜೊತೆಗೆ ಜಾತಿಯೂ ಬಡತನವೂ ಬೆಂಚಿನ ಮೇಲೆ ಬಂದು ಕೂರುತ್ತವೆ. ಆ ಪ್ರಶ್ನೆ ಕೇಳದೆಯೇ ಇಡೀ ಪಾಠ ಮುಗಿಸಬಹುದು. ಮೇಜಿನ ಮುಂದೆ ಕೂರುವ ಪಾತ್ರ ಬೇಡವೆನ್ನುವ ಮಗುವಿಗೆ ದೋಣಿಯ ಚಾಲಕ, ಲಾರಿ ಚಾಲಕ, ಗಲ್ಲಾದಲ್ಲಿ ಕೂತವರ ಪಾತ್ರ ಕೊಡಿ. ಯಾರಾದರೂ ಮೂಗು ಮುಚ್ಚಿ ನಕ್ಕರೆ ಗದರಿಸುವುದಕ್ಕಿಂತ ಒಂದು ಲೆಕ್ಕ ಕೊಡುವುದು ಒಳ್ಳೆಯದು: ಒಂದು ಬಂಗುಡೆ ತಟ್ಟೆಗೆ ಬರಲು ಎಷ್ಟು ಜನರ ಕೈ ಬೇಕು?

ವೀಕ್ಷಕರು ದಾಖಲಿಸಬೇಕಾದ ಮುಖ್ಯ ಅಂಶವೂ ಇದೇ: ಮೀನು ತಿನ್ನದ ಮನೆಯ ಮಗುವೂ ಮೀನು ಮಾರುವ ಮನೆಯ ಮಗುವೂ ಒಂದೇ ಅವಧಿಯಲ್ಲಿ ಕುಗ್ಗದೆ ಮಾತಾಡಿದರೇ?

ಗೃಹಕಾರ್ಯ

ಸಂತೆಗೆ ಹೋದಾಗ ಈ ತಿಂಗಳು ಸಿಗದ ಒಂದು ಪದಾರ್ಥ ಯಾವುದೆಂದು ವ್ಯಾಪಾರಿಯನ್ನು ಕೇಳಿ. ಅವರು ಹೇಳಿದ ಕಾರಣವನ್ನು ಅವರ ಮಾತಿನಲ್ಲೇ ಬರೆದು ತನ್ನಿ. ಪದಾರ್ಥ ಸೊಪ್ಪಾಗಲಿ, ಹಣ್ಣಾಗಲಿ, ಮೀನಾಗಲಿ, ಯಾವುದಾದರೂ ಸರಿ.